ವರ್ಣವೂ ಸತ್ಯವೂ

ನೀರ್ಬಣ್ಣದಲ್ಲಿ ನಿಸರ್ಗವನ್ನು ಚಿತ್ರಿಸುವವನು ಕಣ್ಣಿಗೆ ಕಂಡುದಕ್ಕಿಂತ ಹೆಚ್ಚಿನ ಉಜ್ಜ್ವಲತೆಯನ್ನು ಕಾಗದದ ಮೇಲೆ ತಂದರೆ ಅದು ಅಸತ್ಯವೆನಿಸುವದೋ ಇಲ್ಲವೋ? ನಮ್ಮ ಚೌಡಾಪುರದ ಹುಡುಗನೊಬ್ಬನು ಎರೆಹೊಲವನ್ನು ನೇರಳೆಯಾಗಿ ಬರೆದುದನ್ನು ನೋಡಿ ಹಿರಿಯರೊಬ್ಬರು, "ಇಂಥಾ ಹೊಲ ಯಾವೂರಾಗ ಅದನೋ ತಮ್ಮಾ?" ಎಂದು ಕೇಳಿದರು. ನಕ್ಕು ಬಿಡತಕ್ಕ ಮಾತಲ್ಲವಿದು. ಕವಿಯ ಅತಿಶಯೋಕ್ತಿಯನ್ನು ಅಲಂಕಾರವೆಂದು ಮನ್ನಿಸಿದ ನಾವು ಚಿತ್ರಕಾರನಲ್ಲಿ ಅದನ್ನೇ ಸುಳ್ಳೆನ್ನುವದಾದರೆ ಕಾರಣ ಹೇಳಬೇಕಾಗುವದು.

ನೆರೆಯ ಕಲ್ಯಾಣದಿಂದ 1126 ರಿಂದ 1138 ರ ವರೆಗೆ ಆಳಿದ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ಕನ್ನಡಿಯ ಪ್ರತಿಬಿಂಬದಂತಿರುವದನ್ನು ವಿದ್ಧಚಿತ್ರವೆಂದೂ, ಮನಸ್ಸಿನಲ್ಲಿ ಅಕಸ್ಮಾತ್ತಾಗಿ ಹೊಳೆದುದನ್ನು ಬರೆದರೆ ಅವಿದ್ಧವೆಂದೂ ಕರೆದಿದ್ದಾನೆ. ದ್ರವವರ್ಣಗಳಿಂದ ಬರೆದುದಕ್ಕೆ ಅವನಿಟ್ಟ ಹೆಸರು ರಸಚಿತ್ರ. ಇಲ್ಲಿ ರಸವೆಂದರೆ ನೀರೇ ಹೊರತು ಶೃಂಗಾರಾದಿಗಳಲ್ಲ. ಆದರೂ ಆ ಶಬ್ದವನ್ನು ಕೇಳಿದಾಗ ಎರಡನೆಯ ಅರ್ಥವು ಮನಸ್ಸಿಗೆ ಬಾರದಿರದು.

ಇನ್ನು ನೀರ್ಬಣ್ಣದ ಸ್ವಭಾವವನ್ನು ನೋಡೋಣ. ಅದು ಪಾರದರ್ಶಕವಾದುದು, ಬೆಳಕೆಲ್ಲವೂ ಅಡಿಯ ಬಿಳಿಯ ಕಾಗದದ್ದೇ. ಕಾಗದಕ್ಕಿಂತ ಬೆಳ್ಳಗಿನದೇನೂ ಅವನ ಕೈಯಲ್ಲಿಲ್ಲ. ವೈಶಾಖದ ನಡುಹಗಲಿನ ಬಿಸಿಲಾದರೋ ಅದಕ್ಕಿಂತ ಎಷ್ಟೋ ಪಾಲು ಪ್ರಖರ. ಮೇಲಾಗಿ ಒದ್ದೆಯಿದ್ದಾಗಿನ ಬಣ್ಣವು ಒಣಗಿದೊಡನೆ ಮಂಕಾಗುವದು. ಹಚ್ಚುವಾಗ ಗಾಢವಾಗಿ ಹಚ್ಚದವನು ಕಂಡಷ್ಟನ್ನೂ ತೋರಿಸಲಾರನು. ಹುಡುಗನ ನೇರಳೆಗೂ ಆಧಾರವುಂಟು: ಹೂಬಿಟ್ಟ ಕುಸುಬಿಯ ಹಳದಿಯ ಪಕ್ಕದಲ್ಲಿ ಸಂಜೆಯ ಎರೆನೆಲವನ್ನು ನಿಂತು ನೋಡಿದವರಿಗೆ ಅದು ಕಂಡೀತು. ಹೊಲವನ್ನು ದಿನವೂ ತುಳಿಯುವ ನಾವು ನಿಂತು ನೋಡುವದು ಅಪರೂಪ.

ನಮ್ಮ ನಾಡಿನ ಇಬ್ಬರನ್ನು ನೆನೆಯಬಹುದು. ಅವನೀಂದ್ರನಾಥ ಠಾಕೂರರ ಶಿಷ್ಯರಾದ ಕೆ. ವೆಂಕಟಪ್ಪನವರು (1886–1965) ಉದಕಮಂಡಲದ ಮಂಜನ್ನೂ ಬೆಟ್ಟಗಳನ್ನೂ ನೀರ್ಬಣ್ಣದಲ್ಲಿ ಬಹು ಸಂಯಮದಿಂದ ಬರೆದರು. ರುಮಾಲೆ ಚೆನ್ನಬಸವಯ್ಯನವರು (1910–1988) ಬೆಂಗಳೂರಿನ ಹೂಮರಗಳನ್ನು ಬಯಲಿನಲ್ಲಿಯೇ ಕುಳಿತು, ಬಣ್ಣಗಳು ಕುಣಿಯುವಂತೆ ಬರೆದರು. ಇವರಲ್ಲಿ ಸತ್ಯವಾದಿ ಯಾರು? ಒಬ್ಬರು ನೋಡಿದುದಕ್ಕೆ ಸಾಕ್ಷಿ, ಇನ್ನೊಬ್ಬರು ನೋಡುವಾಗಿನ ಹರ್ಷಕ್ಕೂ ಸಾಕ್ಷಿ. ನನ್ನ ಒಲವು, ಪಾಠಶಾಲೆಯ ಸಂಸ್ಕಾರದಿಂದಲೋ ಏನೋ, ವೆಂಕಟಪ್ಪನವರ ಕಡೆಗೆ. ಆದರೆ ಒಲವು ತೀರ್ಪಲ್ಲ.

ಕಠಿಣವಾದ ಪ್ರಶ್ನೆ ಬೇರೆಯದೇ ಇದೆ. 1972 ರ ಬರದಂಥ ವರ್ಷದಲ್ಲಿ ಬತ್ತಿದ ಭೀಮೆಯ ಮರಳನ್ನೂ ಒಣಗಿದ ತೊಗರಿಯನ್ನೂ ಕಾವಿ, ಕೇಸರಿ, ಹೊನ್ನಬಣ್ಣಗಳಿಂದ ಮನೋಹರವಾಗಿ ಬರೆಯಬಹುದೆ? ಒಕ್ಕಲಿಗನ ಕಣ್ಣೀರಿನಲ್ಲಿ ಕುಂಚವನ್ನು ತೊಳೆದಂತಾಗದೆ? ಮೊದಲು ನನಗೂ ಹಾಗೆಯೇ ತೋರಿತು. ಆದರೆ ಕರುಣರಸವನ್ನು ಆಸ್ವಾದಿಸುವ ಸಹೃದಯನನ್ನು ನಿರ್ದಯನೆಂದು ನಮ್ಮ ಆಲಂಕಾರಿಕರು ಹೇಳಲಿಲ್ಲ. ಬರಗಾಲದ ಸಂಜೆಯೂ ಕೆಂಪೇರುವದು. ಅದನ್ನು ಕಂಡಂತೆ, ಕಂಡುದಕ್ಕಿಂತ ತುಸು ಹೆಚ್ಚಾಗಿಯೂ, ಬರೆಯುವದರಲ್ಲಿ ವಂಚನೆಯಿಲ್ಲ. ಪಟ್ಟಣದ ದಿವಾನಖಾನೆಗೆ ಒಪ್ಪಲೆಂದು ಆ ಬತ್ತಿದ ಪಾತ್ರದಲ್ಲಿ ನೀಲಿಯ ನೀರನ್ನು ಹರಿಸಿ, ಬರಿದಾದ ಹೊಲದಲ್ಲಿ ಹಸುರನ್ನು ಬೆಳೆಸಿ, ಕೆಳಗೆ ಅದೇ ವರ್ಷದ ಭೀಮಾತೀರವೆಂದು ಬರೆದು ಮಾರುವವನಿದ್ದಾನಲ್ಲ, ಅವನ ಬಣ್ಣಗಳು ಎಷ್ಟು ಮಂದವಾಗಿದ್ದರೂ ಸುಳ್ಳು ಅಲ್ಲಿಯೇ ಇದೆ.