ನಾಯಿಯ ಕೂದಲು ಮತ್ತು ಮಡಿ

ಗೋವಾದ ಸಾಂಖಳಿಯಲ್ಲಿ ಪ್ರಸಿದ್ಧ ಮಂದಿರವುಳ್ಳ ದತ್ತಾತ್ರೇಯನನ್ನು, ನಾಲ್ಕು ವೇದಗಳ ಸಂಕೇತವೆಂದು ನಂಬಲಾದ ನಾಲ್ಕು ನಾಯಿಗಳೊಡನೆ ಚಿತ್ರಿಸುವುದು ರೂಢಿ. ಆ ದತ್ತನನ್ನೇ ಪೂಜಿಸುವ ಮನೆಯಲ್ಲಿ ಸಾಕಿದ ಪೊಮೆರೇನಿಯನ್ ನಾಯಿಯ ಕೂದಲು ದೇವರ ಕೋಣೆಗೆ ಹಾರಿಬಂದರೆ ಮಡಿ, ಅಂದರೆ ಪೂಜೆಗೆ ಬೇಕಾದ ಶುದ್ಧಿ, ಕೆಡುವುದೇ ಎಂಬ ಪ್ರಶ್ನೆ ಏಳುತ್ತದೆ. ದೇಹದಿಂದ ಉದುರಿದ ಕೂದಲನ್ನು ಮೈಲಿಗೆಯೆಂದು ಎಣಿಸುವ ಆಚಾರವು ಮನುಷ್ಯನ ಕೂದಲಿಗೂ ಅನ್ವಯಿಸುವುದರಿಂದ, ದೋಷವು ಪ್ರಾಣಿಗಿಂತ ಕೂದಲು ಬಿದ್ದ ಜಾಗಕ್ಕೆ ಸೇರಿದ್ದೆಂದೇ ಹೇಳಬೇಕು. ಭಗವದ್ಗೀತೆಯ 5ನೆಯ ಅಧ್ಯಾಯವಂತೂ ಗೋವು, ಆನೆ, ನಾಯಿಗಳಲ್ಲಿ ಸಮದೃಷ್ಟಿಯುಳ್ಳವರನ್ನು ಪಂಡಿತರೆನ್ನುತ್ತದೆ. ಒಳಪದರದ ಮೃದುರೋಮ ಕಾಲಕಾಲಕ್ಕೆ ಕಳಚುವುದು ಈ ತಳಿಯ ಸ್ವಭಾವವಾದ್ದರಿಂದ, ಸ್ನಾನಕ್ಕೆ ಮುನ್ನ ಅದನ್ನು ಅಂಗಳದಲ್ಲಿ ಬಾಚಿ, ಒದ್ದೆ ಬಟ್ಟೆಯಿಂದ ನೆಲ ಒರೆಸುವುದೂ ಪೂಜೆಯ ಸಿದ್ಧತೆಯೇ; ಮೈ ಬೋಳಿಸುವುದು ಮಾತ್ರ ಸಲ್ಲದು, ಏಕೆಂದರೆ ಆ ಹೊದಿಕೆಯೇ ನಾಯಿಯ ಚರ್ಮವನ್ನು ಬಿಸಿಲಿನಿಂದ ಕಾಯುತ್ತದೆ.