ನಮ್ಮ ಬಾನಿಯ ನೀರೂ ನೆರೆಯವನ ಜ್ವರವೂ

ಒಬ್ಬನು ನೆರೆಯವನ ಬಣವೆಗೆ ಕಿಚ್ಚಿಟ್ಟರೆ ಅದು ಅಪರಾಧವೆಂದು ಎಲ್ಲರೂ ಒಪ್ಪುವರು. ಆದರೆ ಕೇಡನ್ನು ಬಯಸದವನು ತನ್ನ ಮನೆಯಲ್ಲಿ ತುಂಬಿಟ್ಟ ನೀರಿನಿಂದಲೇ ನೆರೆಯವನು ಹಾಸಿಗೆ ಹಿಡಿದರೆ ಅದರ ಹೊಣೆ ಯಾರದು? ಪ್ರಿಯ ವಾಚಕರೇ, ಇದು ನಾವೆಲ್ಲರೂ ಯೋಚಿಸತಕ್ಕ ಪ್ರಶ್ನೆಯಾಗಿದೆ.

2006ನೆಯ ಇಸವಿಯಲ್ಲಿ ಚಿಕೂನ್‌ಗುನ್ಯಾ ಜ್ವರವು ಕರ್ನಾಟಕದಲ್ಲಿ ಹಬ್ಬಿದಾಗ ಅದು ತಗಲಿತೆಂದು ಶಂಕಿಸಲ್ಪಟ್ಟವರ ಸಂಖ್ಯೆಯು 7 ಲಕ್ಷವನ್ನು ಮೀರಿತು. ಬಾಗಲಕೋಟೆಯ ಸೀಮೆಯೂ ಅದಕ್ಕೆ ಹೊರತಾಗಲಿಲ್ಲ. ಈ ಜ್ವರವು ಕೊಲ್ಲುವದು ಅಪರೂಪ. ಆದರೆ ಅದು ಬಿಟ್ಟುಹೋಗುವ ಕೀಲುನೋವು ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುವದು. ಇಳಕಲ್ಲಿನ ಮಗ್ಗದ ಕುಣಿಯಲ್ಲಿ ಕೂಡ್ರುವ ನೇಕಾರನಿಗೂ ಹುನಗುಂದದ ಎರೆಹೊಲದಲ್ಲಿ ಕಳೆ ತೆಗೆಯುವ ಕೂಲಿಯವಳಿಗೂ ಕೈಕಾಲೇ ಆಸ್ತಿಯಲ್ಲವೇ? ಪ್ರಾಣವನ್ನೂ ತೆಗೆಯಬಲ್ಲ ಡೆಂಗೀ ಜ್ವರವನ್ನು ತರುವದೂ ಅದೇ ಜಾತಿಯ ಸೊಳ್ಳೆಯೇ.

ಈಡಿಸ್ ಎಂಬ ಈ ಸೊಳ್ಳೆಯು ಹಗಲಿನಲ್ಲಿ ಕಚ್ಚುವದು. ಬಾದಾಮಿಯ ಅಗಸ್ತ್ಯತೀರ್ಥದ ಮೇಲಾಗಲಿ ಬಾಗಲಕೋಟೆಯ ಹಿನ್ನೀರಿನ ಮೇಲಾಗಲಿ ತಪ್ಪು ಹೊರಿಸುವದು ವ್ಯರ್ಥ. ಯಾಕಂದರೆ ಇದು ಹುಟ್ಟುವದು ಬಾನಿ, ಹರವಿ, ಡ್ರಮ್ಮು, ಹಳೆಯ ಟಾಯರುಗಳಲ್ಲಿ ನಿಂತ ತಿಳಿನೀರಿನಲ್ಲಿ. ತತ್ತಿಯು ಸೊಳ್ಳೆಯಾಗುವದಕ್ಕೆ ಹೆಚ್ಚುಕಡಿಮೆ 7ರಿಂದ 10 ದಿನಗಳು ಸಾಕು. ಅದು ಬಹುದೂರ ಹಾರುವದೂ ಇಲ್ಲ. ಹೀಗಿರಲಾಗಿ ನೆರೆಯ ಕೂಸನ್ನು ಕಚ್ಚಿದ ಸೊಳ್ಳೆಯು ಬಹುಮಟ್ಟಿಗೆ ನಮ್ಮ ಓಣಿಯಲ್ಲಿಯೇ ಹುಟ್ಟಿದ್ದು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವುಂಟು. ನಳವು ದಿನಾಲು ಬಾರದ ಊರಿನಲ್ಲಿ ನೀರು ತುಂಬಿಡದೆ ಬಾಳುವದು ಹೇಗೆ? 2024ನೆಯ ಇಸವಿಯಲ್ಲಿ ಸರಕಾರವು ಸೊಳ್ಳೆ ಹುಟ್ಟಲು ಆಸ್ಪದ ಕೊಡುವ ಹಳ್ಳಿಯ ಮನೆಗೆ 200 ರೂಪಾಯಿ ದಂಡವನ್ನು ಗೊತ್ತುಮಾಡಿತು. ದಂಡವು ತುಂಬಿದ ಬಾನಿಯನ್ನು ಕಾಣುವದು, ಒಣಗಿದ ನಳವನ್ನು ಕಾಣದು. ನೀರು ಕೊಡತಕ್ಕವರು ತಮ್ಮ ಪಾಲಿನ ಹೊಣೆಯನ್ನು ಹೊರಲೇಬೇಕು. ಅದನ್ನು ಕೇಳುವದು ನಮ್ಮ ಹಕ್ಕು. ಆದರೆ ಅವರ ತಪ್ಪು ನಮ್ಮ ಕರ್ತವ್ಯವನ್ನು ಅಳಿಸದು. ಹೊತ್ತು ತಂದ ನೀರನ್ನು ಚೆಲ್ಲಬೇಕಾಗಿಲ್ಲ. ಬಾಯಿಗೆ ದಟ್ಟವಾದ ಅರಿವೆಯನ್ನು ಬಿಗಿದು ಕಟ್ಟಿ, ವಾರಕ್ಕೊಮ್ಮೆ ಪಾತ್ರೆಯನ್ನು ಬರಿದುಮಾಡಿಕೊಂಡು ಒಳಮೈಯನ್ನು ತಿಕ್ಕಿ ತೊಳೆದರೆ ಸಾಕು. ತಿಕ್ಕುವದು ಅವಶ್ಯ; ಯಾಕಂದರೆ ಅಲ್ಲಿ ಅಂಟಿದ ತತ್ತಿಗಳು ಒಣಗಿದರೂ ತಿಂಗಳುಗಟ್ಟಲೆ ಬದುಕಿರುವವು.

ಅರಿಯದೆ ಮಾಡಿದ್ದಕ್ಕೆ ಕ್ಷಮೆಯುಂಟು. ಅರಿತ ಮೇಲೆ ಮಾಡದೆ ಬಿಟ್ಟದ್ದಕ್ಕೆ ನೆವವಿಲ್ಲ. ಆಶಾ ಕಾರ್ಯಕರ್ತೆಯು ಬ್ಯಾಟರಿ ಹಿಡಿದು ಬಾನಿಯೊಳಗೆ ಬಗ್ಗಿ ನೋಡುವದನ್ನು ಅವಮಾನವೆಂದೆಣಿಸಿ ಹಿತ್ತಲಿನ ಹರವಿಯನ್ನು ಮರೆಮಾಡುವವರುಂಟು. ಇದರಿಂದ ಮೋಸಹೋಗುವವಳು ಆಕೆಯಲ್ಲ, ನೆರೆಯ ಕೂಸು. ದಂಡಕ್ಕೆ ಅಂಜಿ ತೊಳೆಯುವವನು ಆಕೆ ಹೋದ ಮೇಲೆ ಮರೆಯುವನು. ನೆರೆಯವನನ್ನು ನೆನೆದು ತೊಳೆಯುವವನು ಪ್ರತಿವಾರವೂ ತೊಳೆಯುವನು. ಬಾರದೆ ಹೋದ ಜ್ವರಕ್ಕಾಗಿ ಯಾರೂ ನಮಗೆ ಉಪಕಾರ ಹೇಳರು. ಆದರೂ ಅದನ್ನು ಮಾಡೋಣ.