ನಿಂತ ದಿನಗಳು

ಶೆಡ್ಡಿನ ಬಾಗಿಲು ತೆಗೆದಾಗ ಕಾರು, ಮುಂಗಾಲು ಊರಲಾರದ ಎತ್ತಿನ ಹಾಗೆ, ಎಡಕ್ಕೆ ಕುಸಿದು ನಿಂತಿತ್ತು. ಮುಂದಿನ ಎಡಚಕ್ರಕ್ಕೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ತೂರುವಷ್ಟೂ ಜಾಗವಿರಲಿಲ್ಲ. ಜುಲೈ ತಿಂಗಳು, ಹಿಂದಿನ ರಾತ್ರಿಯಿಂದ ಮಳೆ ಒಂದೇ ಸಮನೆ ಹುಯ್ಯುತ್ತಿತ್ತು. ಅಮ್ಮನ ಬಲಗಣ್ಣಿನ ಪೊರೆ ತೆಗೆಸಿ ಅಂದಿಗೆ ಎಂಟು ದಿನ. ಹತ್ತು ಗಂಟೆಯೊಳಗೆ ಹಾಸನದ ಆಸ್ಪತ್ರೆಯಲ್ಲಿ ತೋರಿಸಬೇಕಿತ್ತು. ಎಂಜಿನ್ ಶುರುವಾಯಿತು. ಅಡಿಯಲ್ಲೆಲ್ಲೋ ಕಂಪ್ರೆಸರ್ ಒಂದು ನಿಮಿಷ ಗುಂಯ್‌ಗುಟ್ಟಿ ಸುಮ್ಮನಾಯಿತು. ಡ್ಯಾಶ್‌ಬೋರ್ಡಿನ ಮೇಲೆ ಹಳದಿ ದೀಪ ಹೊತ್ತಿಕೊಂಡಿತು. ಮನೆಯಿಂದ ಡಾಂಬರು ರಸ್ತೆಗೆ ಹೋಗುವ ಕೆಮ್ಮಣ್ಣಿನ ಏರು ಮಳೆಗಾಲದಲ್ಲಿ ಎಣ್ಣೆ ಸವರಿದ ಹಾಗೆ ಜಾರುತ್ತದೆ. ಲೋ ಗೇರಿನ ಗುಂಡಿ ಒತ್ತಿದೆ. ಅದರ ದೀಪ ಮಿಟುಕಿತು, ಮಿಟುಕುತ್ತಲೇ ಇತ್ತು, ಗೇರು ಕೂರಲಿಲ್ಲ. ಕೊನೆಗೆ ಪಕ್ಕದ ತೋಟದವರಿಗೆ ಫೋನ್ ಮಾಡಿದೆ, ಅವರು ಜೀಪು ತಂದರು. ಕಪ್ಪು ಕನ್ನಡಕ ಹಾಕಿಕೊಂಡಿದ್ದ ಅಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಂಬಿ ಹಿಡಿದು, ಮೆಟ್ಟಿಲನ್ನು ಕಾಲಿನಿಂದ ತಡವಿ ಹತ್ತಿದಳು. ನನ್ನ ಕಾರಿನ ಕಡೆ ಅವಳು ತಿರುಗಿ ನೋಡಲಿಲ್ಲ. ಏನೂ ಹೇಳಲೂ ಇಲ್ಲ.

ಆ ಕಾರನ್ನು ನಾನು ಕೊಂಡದ್ದೇ ಆ ಏರಿನ ಹೆಸರಿನಲ್ಲಿ. ಸಕಲೇಶಪುರದ ಸೀಮೆಯಲ್ಲಿ ತೋಟ ಇಟ್ಟುಕೊಂಡವನಿಗೆ ಫೋರ್ ವೀಲ್ ಗಾಡಿ ಅಗತ್ಯ ಎಂಬ ಮಾತನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಅಗತ್ಯಕ್ಕೆ ಒಂದು ಹಳೆಯ ಜೀಪು ಸಾಕಿತ್ತು. ನಾನು ತಂದದ್ದು ಚರ್ಮದ ಸೀಟಿನ, ಗಾಳಿಯ ಮೇಲೆ ತೇಲುವ, ಹೊಸದಾಗಿದ್ದಾಗ 80 ಲಕ್ಷ ರೂಪಾಯಿ ಬಾಳುತ್ತಿದ್ದ ವಿದೇಶಿ ಕಾರು. ಒಂಬತ್ತು ವರ್ಷ ದಾಟಿದ್ದ ಅದು 2021ರಲ್ಲಿ ನನಗೆ 16 ಲಕ್ಷಕ್ಕೆ ಸಿಕ್ಕಿತು. ದೆಹಲಿಯಿಂದ ಬಂದ ಗಾಡಿ. ಹತ್ತು ವರ್ಷ ಮೀರಿದ ಡೀಸೆಲ್ ವಾಹನ ರಾಜಧಾನಿಯ ಸುತ್ತಮುತ್ತ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಹೀಗಾಗಿ ಆಗ ಅಲ್ಲಿನ ಸಿರಿವಂತರ ಕಾರುಗಳು ಎಂಟು, ಒಂಬತ್ತನೆಯ ವರ್ಷಕ್ಕೆ ದಕ್ಷಿಣದ ದಾರಿ ಹಿಡಿಯುತ್ತಿದ್ದವು. ಮೀಟರಿನಲ್ಲಿ 48,000 ಕಿಲೋಮೀಟರ್ ಮಾತ್ರ ಇತ್ತು. ಅದನ್ನು ನೋಡಿ ನಾನು ಹಿಗ್ಗಿದೆ. ಕಡಿಮೆ ಓಡಿದ್ದೆಂದರೆ ಚೆನ್ನಾಗಿರುವುದು ಎಂಬುದು ನನ್ನ ಮಟ್ಟಿಗೆ ಚರ್ಚೆಯೇ ಬೇಡದ ಸತ್ಯವಾಗಿತ್ತು.

ಬೆಲೆ ಇಳಿದದ್ದು ಕೊಳ್ಳುವ ದಿನಕ್ಕೆ ಮಾತ್ರ ಎಂಬುದು ಬೇಗನೆ ತಿಳಿಯಿತು. ಬೇರೆ ರಾಜ್ಯದ ಗಾಡಿಗೆ ಇಲ್ಲಿ ಕಟ್ಟುವ ಆಜೀವ ತೆರಿಗೆ ವಯಸ್ಸಾದಷ್ಟೂ ಕಡಿಮೆಯಾಗುತ್ತದೆ, ನಿಜ; ಆದರೆ ಲೆಕ್ಕ ಹಿಡಿಯುವುದು ನಾನು ಕೊಟ್ಟ ಹಣದ ಮೇಲಲ್ಲ, ಅದು ಹೊಸದಾಗಿದ್ದಾಗಿನ ಬೆಲೆಯ ಮೇಲೆ. ಬಿಡಿಭಾಗಗಳದೂ ಅದೇ ನ್ಯಾಯ. 16 ಲಕ್ಷದ ಕಾರಿನ ಬ್ರೇಕ್ ಡಿಸ್ಕ್ ಎಂದು ಬೇರೊಂದಿಲ್ಲ. 80 ಲಕ್ಷದ ಕಾರಿನ ಡಿಸ್ಕೇ ಅದಕ್ಕೂ ಬೇಕು. ಒಂದು ವಸ್ತು ಕೈ ಬದಲಾಯಿಸಿದಾಗ ಅಗ್ಗವಾಗಬಹುದು, ಅದರ ಹಸಿವು ಅಗ್ಗವಾಗುವುದಿಲ್ಲ. ಇಷ್ಟು ತಿಳಿದದ್ದೇ ನಾನು ಕೈ ಬಿಗಿ ಹಿಡಿದೆ. ದುಂದು ಮಾಡದಿರುವುದೇ ಜಾಗ್ರತೆ ಎಂದುಕೊಂಡು, ಕಾರನ್ನೇ ಕಡಿಮೆ ತೆಗೆದೆ. ಮದುವೆ, ಗೃಹಪ್ರವೇಶ, ಬೆಂಗಳೂರಿನ ಪ್ರಯಾಣ, ಅಷ್ಟಕ್ಕೆ ಮಾತ್ರ. ಉಳಿದ ದಿನ ಬೂದು ಬಣ್ಣದ ಕವರ್ ಹೊದಿಸಿ ಶೆಡ್ಡಿನಲ್ಲಿ. ತೋಟದೊಳಗೆ ಒಮ್ಮೆಯೂ ಇಳಿಸಲಿಲ್ಲ. ಲಂಟಾನದ ಕಡ್ಡಿ ಬಣ್ಣ ಗೀಚಬಾರದು, ಕೆಮ್ಮಣ್ಣು ಕಾರ್ಪೆಟ್ಟಿಗೆ ಮೆತ್ತಬಾರದು. ಹೀಗೆ ಮೂರು ವರ್ಷದಲ್ಲಿ ಆರು ಸಾವಿರ ಕಿಲೋಮೀಟರ್. ನನಗಿಂತ ಚೆನ್ನಾಗಿ ಯಾರೂ ಕಾರು ಕಾಪಾಡಿಲ್ಲ ಎಂದು ನಂಬಿದ್ದೆ.

ಕುಸಿದ ಕಾರನ್ನು ಲಾರಿಯ ಮೇಲೆ ಹೇರಿ ಹಾಸನದ ಒಂದು ಗ್ಯಾರೇಜಿಗೆ ಒಯ್ದೆವು. ಮೇಸ್ತ್ರಿಗೆ ಅರವತ್ತರ ಆಸುಪಾಸು, ಮಿತವಾಗಿ ಮಾತನಾಡುವ ಮನುಷ್ಯ. ‘ಜಾಸ್ತಿ ಓಡಿಲ್ಲ ಮೇಸ್ತ್ರಿ, ಬರೀ ಐವತ್ನಾಲ್ಕು ಸಾವಿರ’ ಎಂದೆ. ಅವರು ತಲೆ ಎತ್ತದೆ ಕೇಳಿದರು: ‘ಓಡಿದ್ದಲ್ಲ ಸಾರ್, ನಿಂತಿದ್ದು ಎಷ್ಟು ದಿನ?’

ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಯಾಕೆಂದರೆ ನಿಂತ ದಿನಗಳನ್ನು ಲೆಕ್ಕ ಇಡುವ ಮೀಟರು ಕಾರಿನಲ್ಲಿ ಇಲ್ಲ.

ಅವರು ಚಕ್ರ ಬಿಚ್ಚಿದರು. ಮಾಮೂಲಿ ಕಾರಿನಲ್ಲಿ ಉಕ್ಕಿನ ಸ್ಪ್ರಿಂಗ್ ಇರುವ ಜಾಗದಲ್ಲಿ ಇದಕ್ಕೆ ರಬ್ಬರಿನ ಗಾಳಿಚೀಲ. ಗ್ಯಾರೇಜಿನವರ ಬಾಯಲ್ಲಿ ಬಲೂನು. ಕಂಪ್ರೆಸರ್ ಅದಕ್ಕೆ ಗಾಳಿ ತುಂಬಿ ಕಾರನ್ನು ಎತ್ತುತ್ತದೆ, ಬೇಕಾದಾಗ ಇಳಿಸುತ್ತದೆ. ಚೀಲದ ಕೆಳಗಿನ ಅಂಚು ಒಳಕ್ಕೆ ಮಡಿಚಿಕೊಂಡಿರುತ್ತದೆ. ಕಾರು ಏಳುತ್ತ ಬೀಳುತ್ತ ಓಡುವಾಗ ಆ ಮಡಿಕೆ ಒಂದೇ ಕಡೆ ನಿಲ್ಲದೆ ಮೇಲೆ ಕೆಳಗೆ ಉರುಳಾಡುತ್ತದೆ. ಮೇಸ್ತ್ರಿ ಒಂದು ಮಗ್ಗಿನಲ್ಲಿ ಸೋಪಿನ ನೀರು ಕಲಸಿ, ಬಣ್ಣ ಹಚ್ಚುವ ಹಳೆಯ ಬ್ರಷ್ಷಿನಿಂದ ಮಡಿಕೆಗೆ ಸವರಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಎದ್ದಿತು, ಅದರ ಪಕ್ಕ ಇನ್ನೊಂದು. ನೋಡುತ್ತಿದ್ದ ಹಾಗೆ ಮಡಿಕೆಯ ಗೆರೆಯ ಉದ್ದಕ್ಕೂ ಗುಳ್ಳೆಗಳ ಸಾಲು ಪೋಣಿಸಿಕೊಂಡಿತು. ತಿಂಗಳುಗಟ್ಟಲೆ ಒಂದೇ ಎತ್ತರದಲ್ಲಿ ನಿಂತು, ಒಂದೇ ಕಡೆ ಮಡಿಚಿಕೊಂಡು, ರಬ್ಬರು ಅಲ್ಲೇ ಬಿರಿದಿತ್ತು. ಸೋರುವ ಗಾಳಿಯನ್ನು ತುಂಬಿ ತುಂಬಿ ಕಂಪ್ರೆಸರ್ ಬಳಲಿತ್ತು. ಗಾಳಿಯ ತೇವ ಹೀರುವುದಕ್ಕೆಂದು ಅದರೊಳಗೆ ಇಟ್ಟಿರುವ ಹರಳುಗಳು ಮಲೆನಾಡಿನ ಮೂರು ಮಳೆಗಾಲಕ್ಕೆ ಒದ್ದೆ ಮುದ್ದೆಯಾಗಿದ್ದವು.

ಆ ಗುಳ್ಳೆಗಳ ಸಾಲನ್ನು ನೋಡುವಾಗ ನನಗೆ ಅಮ್ಮನ ಧಾರೆ ಸೀರೆ ನೆನಪಾಯಿತು. ಟ್ರಂಕಿನ ತಳದಲ್ಲಿ, ಬಿಳಿ ಪಂಚೆಯಲ್ಲಿ ಸುತ್ತಿ, ವರ್ಷಗಟ್ಟಲೆ ಇಟ್ಟಿದ್ದಳು. ತಂಗಿಯ ಮದುವೆಗೆ ಉಡುವುದೆಂದು ತೆಗೆದು ಕೊಡವಿದಾಗ ರೇಷ್ಮೆ ಮಡಿಕೆಯ ಗೆರೆಯಲ್ಲೇ ಬಿಟ್ಟುಕೊಂಡಿತು, ಜರಿ ಎಳೆಎಳೆಯಾಗಿ ಕೈಗೆ ಬಂತು. ಹರಿದ ಸದ್ದು ಕೂಡ ಆಗಲಿಲ್ಲ. ಅಂದಿನಿಂದ ಉಳಿದ ರೇಷ್ಮೆ ಸೀರೆಗಳನ್ನು ಅಮ್ಮ ಬೇಸಿಗೆಗೊಮ್ಮೆ ಹೊರಗೆ ತೆಗೆದು, ನೆರಳಿನಲ್ಲಿ ಹರವಿ, ಮಡಿಕೆ ಬದಲಿಸಿ ಇಡುತ್ತಾಳೆ. ಅದನ್ನು ಎಷ್ಟೋ ಸಲ ನೋಡಿದವನು ನಾನು. ನೋಡಿಯೂ ಅದನ್ನು ಸೀರೆಯ ವಿಷಯವೆಂದೇ ಬಿಟ್ಟಿದ್ದೆ.

ಮೇಸ್ತ್ರಿ ಒಂದೊಂದಾಗಿ ತೋರಿಸಿದರು. ಟೈರಿನ ಗೀರುಗಳು ಹೊಸದರಂತಿದ್ದವು, ಆದರೆ ಪಕ್ಕದಲ್ಲಿ ಅಚ್ಚೊತ್ತಿದ್ದ ಅಂಕಿ 2415, ಅಂದರೆ 2015ರ ಇಪ್ಪತ್ತನಾಲ್ಕನೆಯ ವಾರ ತಯಾರಾದದ್ದು. ಬದಿಯ ರಬ್ಬರು ಬೇಸಿಗೆಯ ಕೆರೆಯ ತಳದಂತೆ ಬಿರುಕು ಬಿಟ್ಟಿತ್ತು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ತಾನಾಗಿ ಹೀರಿಕೊಳ್ಳುತ್ತದೆ, ಓಡಲಿ ಬಿಡಲಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಲೋ ಗೇರು ಚಕ್ರದ ವೇಗವನ್ನು ಎರಡೂವರೆ ಪಟ್ಟಿಗೂ ಮಿಕ್ಕಿ ತಗ್ಗಿಸಿ ಅಷ್ಟೇ ಪಟ್ಟು ಬಲವನ್ನು ಕೂಡಿಸುತ್ತದೆ. ಕಾರಿನ ಅಷ್ಟೂ ಬೆಲೆಗೆ ಹೊಣೆಯಾದ ಆ ಗುಣವನ್ನು ನಾನು ಕೊಂಡ ಮೇಲೆ ಒಮ್ಮೆಯೂ ಕೆಲಸಕ್ಕೆ ಕರೆದಿರಲಿಲ್ಲ. ಅದನ್ನು ಕೂರಿಸುವ ಪುಟ್ಟ ಮೋಟರು ನಿಂತಲ್ಲೇ ಹಿಡಿದುಕೊಂಡಿತ್ತು. ‘ತಿಂಗಳಿಗೊಂದ್ಸಲ ಹಾಕಿ ತೆಗೀಬೇಕು ಸಾರ್. ಗ್ರೀಸು, ಆಯಿಲ್ಲು ಓಡಾಡ್ಬೇಕಲ್ಲ’ ಎಂದರು. ಮನೆಗೆ ಬಂದು ಸರ್ವಿಸ್ ಪುಸ್ತಕ ತೆರೆದೆ. ಪ್ರತಿ ಕೆಲಸದ ಮುಂದೆಯೂ ಎರಡು ಲೆಕ್ಕ: ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು. ನಾನು ಮೊದಲನೆಯದನ್ನಷ್ಟೇ ಓದಿಕೊಂಡಿದ್ದೆ.

ಯಾಕೆ ಹಾಗೆ ಮಾಡಿದೆ? ಮಿತವ್ಯಯ ಎಂದುಕೊಳ್ಳುವುದು ಸುಲಭ. ಆದರೆ ಒಳಗೆ ನೋಡಿಕೊಂಡಷ್ಟೂ ಅದು ಭಯ ಎಂದೇ ತೋರುತ್ತದೆ. ಕೀಲಿ ನನ್ನ ಜೇಬಿನಲ್ಲಿತ್ತು, ಆರ್‌ಸಿಯಲ್ಲಿ ನನ್ನ ಹೆಸರಿತ್ತು, ಆದರೂ ಆ ಕಾರು ನನಗೆ ಇನ್ನೊಬ್ಬರ ಅಂತಸ್ತಿನ ವಸ್ತುವಾಗಿಯೇ ಉಳಿದಿತ್ತು. ಅದರ ಮೇಲೊಂದು ಗೆರೆ ಬಿದ್ದರೆ ನಾನು ಅದಕ್ಕೆ ತಕ್ಕವನಲ್ಲ ಎಂಬುದು ಬಯಲಾಗುವುದೆಂದು ಅಂಜುತ್ತಿದ್ದೆ. ಅಪ್ಪನ ಜೀಪು ಹಾಗಿರಲಿಲ್ಲ. ಎರಡನೆಯ ಮಹಾಯುದ್ಧಕ್ಕೆಂದು ಹುಟ್ಟಿದ ವಿಲ್ಲಿಸ್ ಜೀಪಿನ ವಂಶದ ಮಹೀಂದ್ರಾ ಅದು. ನೆಲದ ಮೇಲೆ ಗೇರಿನ ಪಕ್ಕ ಇನ್ನೆರಡು ಸಣ್ಣ ಕೋಲು, ಒಂದು ಮುಂದಿನ ಚಕ್ರಗಳಿಗೆ, ಒಂದು ಲೋ ಗೇರಿಗೆ. ಗೊಬ್ಬರ, ಕಾಫಿ ಮೂಟೆ, ಹಾಲಿನ ಕ್ಯಾನು, ಹೆರಿಗೆ ನೋವು ಶುರುವಾದ ಹೆಂಗಸರು, ಎಲ್ಲಕ್ಕೂ ಅದೇ. ಅಪ್ಪ ಅದನ್ನು ಹೊಳೆಯಲ್ಲಿ ತೊಳೆದರೆ ತೊಳೆದರು, ಇಲ್ಲದಿದ್ದರೆ ಇಲ್ಲ. ಆದರೆ ಅದರ ಸದ್ದಿನಲ್ಲಿ ಕೂದಲೆಳೆಯ ವ್ಯತ್ಯಾಸವಾದರೂ ಕಿವಿ ನಿಮಿರಿಸುತ್ತಿದ್ದರು. ಅಪ್ಪನಿಗೆ ವಸ್ತುಗಳ ಮೇಲೆ ಅಕ್ಕರೆಯಿಲ್ಲ ಎಂದು ನಾನು ಹುಡುಗನಾಗಿದ್ದಾಗ ತೀರ್ಮಾನಿಸಿದ್ದೆ. ಅಕ್ಕರೆ ಇದ್ದದ್ದು ಅಲ್ಲಿ, ನನ್ನಲ್ಲಿದ್ದದ್ದು ಹೊದಿಕೆ.

ಕೊಂಡ ವರ್ಷದ್ದೊಂದು ಸಂಗತಿ ಬರೆಯದೆ ಹೋದರೆ ಇದು ಪೂರ್ತಿಯಾಗದು. ಮಳೆಯಲ್ಲಿ ಸಂತೆಯಿಂದ ನಡೆದು ಬರುತ್ತಿದ್ದ, ನಮ್ಮ ತೋಟದ ಕೂಲಿಯವರ ಲೈನಿನ ಇಬ್ಬರು ಹೆಂಗಸರನ್ನು ಕಾರಿಗೆ ಹತ್ತಿಸಿಕೊಂಡೆ. ಹತ್ತಿಸುವ ಮೊದಲು ಹಿಂದಿನ ಸೀಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದೆ. ಅವರು ಅದರ ಅಂಚಿನಲ್ಲಿ, ಬೆನ್ನು ತಾಗಿಸದೆ, ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ದಾರಿಯುದ್ದಕ್ಕೂ ಹಾಳೆ ಚರಚರ ಅನ್ನುತ್ತಿತ್ತು. ಉಪಕಾರ ಮಾಡಿದೆನೆಂದು ಅಂದು ನನಗೆ ಸಮಾಧಾನವಿತ್ತು. ಈಗ ಆ ಸದ್ದು ಮಾತ್ರ ನೆನಪಿದೆ.

ರಿಪೇರಿಗೆ ಒಟ್ಟು 1,85,000 ರೂಪಾಯಿ ಆಯಿತು. ಒಂದು ಬಲೂನಿಗೇ 62,000. ಆ ಹಣದ ಒಂದು ಪಾಲು ಲೈನ್ ಮನೆಗಳ ಚಾವಣಿಯ ಶೀಟು ಬದಲಿಸಲು ಎತ್ತಿಟ್ಟದ್ದು. ಆ ಕೆಲಸ ಮುಂದಿನ ಬೇಸಿಗೆಗೆ ಹೋಯಿತು, ಮಳೆಗಾಲದ ಉಳಿದ ದಿನಗಳನ್ನು ಎರಡು ಸಂಸಾರಗಳು ಸೋರುವ ಸೂರಿನ ಕೆಳಗೆ ಕಳೆದವು. ನಿಲ್ಲಿಸಿ ಹಾಳುಮಾಡಿದ್ದು ತಪ್ಪು, ಬಳಸುವುದು ಸರಿ ಎಂದು ಹೇಳಿಬಿಟ್ಟರೆ ಈ ಲೆಕ್ಕ ಮುಗಿಯುವುದಿಲ್ಲ. ಇಂಥ ಕಾರನ್ನು ಇಟ್ಟುಕೊಳ್ಳುವುದು ಸರಿಯೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಮಾರಿಬಿಡು ಎಂದ ಗೆಳೆಯರಿದ್ದಾರೆ. ಮಾರಿದರೆ ಬಿರುಕನ್ನು ಮುಚ್ಚಿ ಇನ್ನೊಬ್ಬನ ಹಿಗ್ಗಿಗೆ ದಾಟಿಸಿದಂತೆ ಎಂದು ಮೊದಲು ಉತ್ತರ ಕೊಡುತ್ತಿದ್ದೆ. ರಿಪೇರಿಯಾದ ಮೇಲೆ ಆ ನೆಪವೂ ಇಲ್ಲ. ಉಳಿಸಿಕೊಂಡಿದ್ದೇನೆ. ಒಂದು ಭಾರವನ್ನು ಆಸೆಯಿಂದ ಹೊತ್ತುಕೊಂಡವನು ಅದನ್ನು ಹೊರುವ ರೀತಿಯನ್ನಾದರೂ ಕಲಿಯಬೇಕು ಎಂಬಷ್ಟು ಮಾತ್ರ ಸದ್ಯಕ್ಕೆ ನನ್ನ ಕೈಗೆ ಸಿಕ್ಕಿದೆ. ಶೀಟುಗಳನ್ನು ಈ ಬೇಸಿಗೆಯ ಆರಂಭದಲ್ಲೇ ಹಾಕಿಸಿದೆ. ಅವನ್ನು ಪೇಟೆಯಿಂದ ತಂದದ್ದು ಬಾಡಿಗೆ ಪಿಕಪ್ಪಿನಲ್ಲಿ. ಬೋಲ್ಟು, ವಾಷರು, ರಿಡ್ಜಿನ ತುಂಡುಗಳು, ಇಬ್ಬರು ಬಡಗಿಗಳು ಬಂದದ್ದು ಈ ಕಾರಿನಲ್ಲಿ. ಹಾಳೆ ಹಾಸಲಿಲ್ಲ.

ಭಾನುವಾರ ಬೆಳಿಗ್ಗೆ ಈಗ ಒಂದು ಕ್ರಮವಿದೆ. ಕಾರನ್ನು ತೋಟದ ಇಳಿಜಾರಿಗೆ ಇಳಿಸಿ, ನಿಲ್ಲಿಸಿ, ಲೋ ಗೇರು ಹಾಕುತ್ತೇನೆ. ಅಡಿಯಿಂದ ಕಟ್ ಎಂದು ಒಂದು ಸದ್ದು ಬರುತ್ತದೆ. ಆ ಸದ್ದು ಬರುವವರೆಗೆ ಉಸಿರು ಬಿಗಿಹಿಡಿದಿರುತ್ತೇನೆ. ಆಮೇಲೆ ಮೇಲಕ್ಕೆ ಎತ್ತಿ, ಕೆಳಕ್ಕೆ ಇಳಿಸಿ, ಕೆರೆಯ ಏರಿಯವರೆಗೆ ಹೋಗಿ ಬರುತ್ತೇನೆ. ಬಲಬಾಗಿಲಿನ ಮೇಲೆ ಲಂಟಾನ ಗೀಚಿದ ಒಂದು ಉದ್ದ ಗೆರೆ ಇದೆ. ಅದನ್ನು ಪಾಲಿಶ್ ಮಾಡಿಸಬೇಕೆಂದು ಎರಡು ಸಲ ಅನ್ನಿಸಿತು, ಮೂರನೆಯ ಸಲ ಅನ್ನಿಸಲಿಲ್ಲ.

ಮಾರ್ಚಿನಲ್ಲಿ ಅಮ್ಮನ ಎಡಗಣ್ಣಿಗೂ ಶಸ್ತ್ರಚಿಕಿತ್ಸೆಯಾಯಿತು. ಎಂಟನೆಯ ದಿನ ತೋರಿಸಲು ಹೊರಟಾಗ ಕಾರನ್ನು ಪೂರ್ತಿ ಕೆಳಗಿಳಿಸಿ ಅವಳನ್ನು ಹತ್ತಿಸಿದೆ. ಈ ಸಲ ಮೆಟ್ಟಿಲು ತಡವಬೇಕಾಗಲಿಲ್ಲ. ವಾರದ ಹಿಂದೆ ಹೂಮಳೆ ಬಿದ್ದಿತ್ತು, ಇಳಿಜಾರಿನ ಎರಡೂ ಕಡೆ ಗಿಡಗಳು ಬೆಳ್ಳಗಾಗಿದ್ದವು. ಏರಿನ ಅರ್ಧಕ್ಕೆ ಬಂದಾಗ ಅಮ್ಮ, ‘ಆ ಗಾಜು ಚೂರು ಇಳಿಸೋ, ಎಲ್ಲಾ ಮುಚ್ಕೊಂಡು ಕೂತಿದೀಯಲ್ಲ’ ಎಂದಳು. ಎಸಿ ಆರಿಸಿ ನಾಲ್ಕೂ ಗಾಜು ಇಳಿಸಿದೆ. ಕಾಫಿ ಹೂವಿನ ವಾಸನೆ ಒಳಗೆ ಬಂತು, ಅದರ ಜೊತೆಗೆ ಒಂದಿಷ್ಟು ಕೆಂಪು ಧೂಳೂ.